ದಫೇದಾರರ ಬೆನ್ನು ಮತ್ತು ವಾಲ್‌ಸೆಕ್ ಪುರಭವನದ ಬಾಗಿಲು

ವಾಲ್‌ಸೆಕ್, 6 ಮಾರ್ಚ್ 2023

ಮಾನ್ಯ ಮೊಸಿಯೇ ಅನ್ಸೆಲ್ಮ್ ರುಮೆಗಾ ಅವರಿಗೆ,

ನಾನು ಸೊಲಾಂಜ್ ಬೆರ್ತೊಲಿಯೆ. ಅಂಚೆ ಕಚೇರಿಯ ಎರಡನೇ ಕಿಟಕಿಯವಳು. ನಿಮಗೆ ಬರುತ್ತಿದ್ದ ಮೀನು ಹಿಡಿಯುವವರ ಮಾಸಪತ್ರಿಕೆಯನ್ನು ಪ್ರತಿ ತಿಂಗಳೂ ನಿಮಗಿಂತ ಮೊದಲು ಓದಿ ಮುಗಿಸುತ್ತಿದ್ದವಳು ನಾನೇ ಎಂದು ಈಗ ಒಪ್ಪಿಕೊಂಡರೆ ಕೆಲಸವೇನೂ ಹೋಗುವುದಿಲ್ಲ, ನಾನೂ ನಿವೃತ್ತಳಾಗಿದ್ದೇನೆ. ಫೋನು ಮಾಡಿದ್ದೆ. ನಿಮ್ಮ ಮಗಳು, "ಅಪ್ಪಂಗೆ ಫೋನಲ್ಲಿ ಏನೂ ಕೇಳ್ಸಲ್ಲ ಮದಾಂ, ಆದ್ರೆ ಕೇಳಿದ್ದಕ್ಕೆಲ್ಲ ಹೌದು ಅಂತಾರೆ" ಎಂದರು. ಇತಿಹಾಸಕ್ಕೆ ಅಂಥ ಸಾಕ್ಷಿ ಆಗದು. ಹಾಗಾಗಿ ಕಾಗದ.

ವಿಷಯವೇನೆಂದರೆ, ನೀವು ಇಪ್ಪತ್ತೊಂಬತ್ತು ವರ್ಷ ದಫೇದಾರರಾಗಿದ್ದ ನಮ್ಮ ಪುರಭವನ ಈಗ ಪಾಳು ಬಿದ್ದಿದೆ. ಆರು ವರ್ಷದ ಹಿಂದೆ ನಮ್ಮೂರನ್ನು ಲಾರ್ನಾಗ್ ಜೊತೆ ಸೇರಿಸಿ ಒಂದೇ ಊರು ಎಂದು ಘೋಷಿಸಿದರಲ್ಲ, ಕಚೇರಿಯೂ ಲಾರ್ನಾಗ್‌ಗೇ ಹೋಯಿತು. ಇಲ್ಲಿಗೆ ಬೀಗ. ಸಭಾಂಗಣದಲ್ಲಿ ಈಗ ಪಾರಿವಾಳಗಳು ಕೂಡುತ್ತವೆ. ಹಾಜರಾತಿ ಮಾತ್ರ ಮೊದಲಿಗಿಂತ ಉತ್ತಮ. ಜೂನ್ ಹದಿನಾರರಂದು ಕಟ್ಟಡ ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುವುದೋ ಬೇಡವೋ ಎಂದು ಮತ ಹಾಕುತ್ತಾರೆ. ಅದನ್ನು ಉಳಿಸಲು ನಾವು ಏಳು ಜನ ಸಂಘ ಕಟ್ಟಿದ್ದೇವೆ. ಕಟ್ಟಡದ ಚರಿತ್ರೆ ಬರೆಯುವ ಭಾರ ಸಭೆಗೆ ಕೊನೆಗೆ ಬಂದವರಿಗೆ ಎಂದು ತೀರ್ಮಾನವಾಗಿತ್ತಂತೆ. ನಾನು ನಾಲ್ಕು ನಿಮಿಷ ತಡವಾಗಿ ಹೋದೆ.

ಇಲ್ಲಿಯವರೆಗೆ ಸಿಕ್ಕಿದ್ದು ಇಷ್ಟು: 1878ರಲ್ಲಿ ಈ ಭವನ ಕಟ್ಟುವಾಗ ವಾಸ್ತುಶಿಲ್ಪಿ ಮುಂಬಾಗಿಲನ್ನು ದಕ್ಷಿಣಕ್ಕೆ ಬರೆದಿದ್ದ. ದಕ್ಷಿಣಕ್ಕೆ ಲಾರ್ನಾಗ್ ಇದೆ. ಮೇಯರು ನಕ್ಷೆಯನ್ನು ಹಿಡಿದು ತಿರುಗಿಸಿಬಿಟ್ಟರು. "ಲಾರ್ನಾಗ್‌ನವರಿಗೆ ನಮ್ಮ ಹಿಂಭಾಗ ಕಂಡರೆ ಸಾಕು" ಎಂದು ನಡಾವಳಿ ಪುಸ್ತಕದಲ್ಲಿ ಸರ್ವಾನುಮತದಿಂದ ದಾಖಲಾಗಿದೆ. ಹಾಗೆ ಬಾಗಿಲು ಉತ್ತರಕ್ಕೆ, ನೇರ ಮಿಸ್ತ್ರಾಲ್ ಗಾಳಿಯ ಬಾಯಿಗೆ ಬಂತು. ಒಂದು ಹಗೆಗಾಗಿ ನೂರನಲವತ್ತು ವರ್ಷದ ಟೋಪಿಗಳು ಹಾರಿಹೋದವು.

ಈಗ ಕಷ್ಟದ ಸಂಗತಿ. ಅದರ ಹೆಸರು ಒನೊರೀನ್. ನನ್ನ ಅತ್ತೆ. ತೊಂಬತ್ತಮೂರು ವರ್ಷ, ಹುಟ್ಟಾ ಲಾರ್ನಾಗ್‌ನವರು. ಈಗಿನ ಮೇಯರ್ ಗಿಸ್ಲಾಂ, ಅತ್ತೆಯ ತಮ್ಮನ ಮಗ. ಪ್ರತಿ ಭಾನುವಾರ ವೃದ್ಧಾಲಯಕ್ಕೆ ಬಂದು ಅತ್ತೆಯ ಮುಂದೆ ಕೈಕಟ್ಟಿ ಕೂರುತ್ತಾನೆ. ಅವರು ಪ್ರತಿ ಭಾನುವಾರ ಅವನಿಗೆ ಹೇಳುವುದು ಒಂದೇ ಮಾತು: "ಕೆಡವಿ ಹಾಕೋ ಅದನ್ನ. ಆ ಕಟ್ಟಡ ನನ್ನನ್ನ ಸುಳ್ಳಿ ಮಾಡ್ತು."

ಇದೇ ಪುರಭವನದಲ್ಲಿ ಆಗಿನ ಮೇಯರ ಮುಂದೆ ನಡೆದ ನನ್ನ ಮದುವೆಗೆ, ಅಂದರೆ 1985ರ ಫೆಬ್ರವರಿ ಒಂಬತ್ತಕ್ಕೆ, ಅವರು ಬಂದಿರಲಿಲ್ಲ. ಬಂದಿದ್ದೆ, ಬಾಗಿಲು ಹಾಕಿತ್ತು, ಬಡಿದರೂ ತೆಗೆಯಲಿಲ್ಲ ಎನ್ನುತ್ತಾರೆ. ಮದುವೆಯ ಹೊತ್ತಿನಲ್ಲಿ ಪುರಭವನದ ಬಾಗಿಲು ತೆರೆದೇ ಇರಬೇಕು, ಹಾದಿಹೋಕನೂ ಒಳಗೆ ಬಂದು "ಈ ಮದುವೆ ಆಗಕೂಡದು" ಎನ್ನಲು ದಾರಿ ಇರಬೇಕು ಎಂಬುದು ಇಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತು. ಹಾಗಾಗಿ ಊರಿಗೆ ಊರೇ ಅವರನ್ನು ಸುಳ್ಳಿ ಎಂದಿತು. ಸ್ವಂತ ಮಗ, ಎಂದರೆ ನನ್ನ ಗಂಡ ರೆಮಿಯೇ, "ಅಮ್ಮಾ, ಬರೋಕೆ ಇಷ್ಟ ಇರ್ಲಿಲ್ಲ ಅಂತ ಹೇಳು, ಬಾಗಿಲ ಮೇಲೆ ಯಾಕೆ ಹಾಕ್ತೀಯ?" ಎಂದ. ಮೂವತ್ತೆಂಟು ವರ್ಷದಿಂದ ಕ್ರಿಸ್ಮಸ್ ಊಟಕ್ಕೆ ನಮ್ಮ ಮನೆಯಲ್ಲಿ ಮೊದಲು ಬಡಿಸುವುದು ಈ ಬಾಗಿಲನ್ನೇ.

ಆ ದಿನ ಬಾಗಿಲ ಬಳಿ ಇದ್ದವರು ನೀವು. "ಬಾಗಿಲು ತೆರೆದಿತ್ತು" ಎಂದು ಒಂದು ಸಾಲು ಬರೆದು ಕಳಿಸಿ. ಅತ್ತೆಯ ಜಗಳವೂ ಮುಗಿಯುತ್ತದೆ, ನನ್ನ ಚರಿತ್ರೆಯೂ ಮುಂದುವರಿಯುತ್ತದೆ.

ಗೌರವಗಳೊಂದಿಗೆ,
ಸೊಲಾಂಜ್

*

ಪ್ಲುವೆರ್ನೆಕ್, ಬ್ರಿತಾನಿ, 19 ಮಾರ್ಚ್ 2023

ಪ್ರಿಯ ಮದಾಂ ಸೊಲಾಂಜ್,

ನಿಮ್ಮ ಕಾಗದ ಕಂಡು ಕಣ್ಣು ತುಂಬಿತು. ಇಲ್ಲಿ ಮಳೆಯೂ ಇದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ಮಗಳ ಮನೆಯಲ್ಲಿ ಸುಖವಾಗಿದ್ದೇನೆ. ಒಂದೇ ಕೊರತೆ: ಈ ಜನ ಎಲ್ಲಕ್ಕೂ ಬೆಣ್ಣೆ ಹಾಕುತ್ತಾರೆ. ನಾನು ಆಲಿವ್ ಎಣ್ಣೆ ಕೇಳಿದರೆ ಅಳಿಯ ಔಷಧದ ಕಪಾಟಿನಲ್ಲಿ ಹುಡುಕುತ್ತಾನೆ.

ಕಟ್ಟಡದ ಬಗ್ಗೆ ಎಷ್ಟು ಬೇಕಾದರೂ ಹೇಳುತ್ತೇನೆ, ಬರೆದುಕೊಳ್ಳಿ. ಮದುವೆಯ ಕೋಣೆಯಲ್ಲಿರುವ ಗಣರಾಜ್ಯದೇವಿಯ ಗಾರೆಬೊಂಬೆಯ ಮೂಗು ಮೂಲದ್ದಲ್ಲ. 1971ರ ಚುನಾವಣೆಯ ಎಣಿಕೆಯಂದು ಯಾರೋ ಎಸೆದ ಶಾಯಿಬುಡ್ಡಿಗೆ ಮೂಲ ಮೂಗು ಬಲಿಯಾಯಿತು. ಈಗಿನದನ್ನು ದಂತವೈದ್ಯರು ಮಾಡಿಕೊಟ್ಟರು, ಅದಕ್ಕೇ ಅಷ್ಟು ಬೆಳ್ಳಗಿದೆ. ಗಡಿಯಾರ ಆರು ನಿಮಿಷ ಮುಂದೆ ಓಡುವುದು ಯಂತ್ರದ ದೋಷವಲ್ಲ, ಲಾರ್ನಾಗ್‌ಗಿಂತ ಮೊದಲು ಮಧ್ಯಾಹ್ನ ನಮ್ಮೂರಿಗೇ ಆಗಲಿ ಎಂಬ ಏರ್ಪಾಡು. ನೆಲಮಾಳಿಗೆಯ ಬಾಯ್ಲರಿಗೆ ನಾವು ಗುಮಾಸ್ತರೆಲ್ಲ ಸೇರಿ 'ಉಪಮೇಯರ್' ಎಂದು ಹೆಸರಿಟ್ಟಿದ್ದೆವು. ಸದ್ದು ಬಹಳ, ಶಾಖ ಇಲ್ಲ.

ಇನ್ನು ಬಾಗಿಲ ವಿಷಯ. ಬಾಗಿಲು ಓಕ್ ಮರದ್ದು. ಎರಡು ರೆಕ್ಕೆ. ಎತ್ತರ ಮೂರೂವರೆ ಮೀಟರ್. ಪ್ರತಿ ಸೋಮವಾರ ತಿರುಗಣಿಗಳಿಗೆ ನಾನೇ ಎಣ್ಣೆ ಹಾಕುತ್ತಿದ್ದೆ. ಬೆಣ್ಣೆ ಅಲ್ಲ.

ನಿಮ್ಮ ವಿಧೇಯ,
ಅನ್ಸೆಲ್ಮ್ ರುಮೆಗಾ

*

ವಾಲ್‌ಸೆಕ್, 27 ಮಾರ್ಚ್ 2023

ಪ್ರಿಯ ಮೊಸಿಯೇ ಅನ್ಸೆಲ್ಮ್,

ಮೂಗಿನ ಕತೆಗೆ ಧನ್ಯವಾದ. ಸಂಘದ ಸಭೆಯಲ್ಲಿ ಓದಿದೆ, ಖಜಾಂಚಿ ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. ಆದರೆ ನಾನು ಕೇಳಿದ್ದು ಬಾಗಿಲ ಎತ್ತರವಲ್ಲ. ವಯಸ್ಸಾದ ಮೇಲೆ ಪ್ರಶ್ನೆಗಳು ಒಂದು ಕಿಟಕಿಯಲ್ಲಿ ಹೋಗಿ ಉತ್ತರ ಇನ್ನೊಂದರಲ್ಲಿ ಬರುವುದು ಸಹಜ, ನನ್ನ ಕಚೇರಿಯಲ್ಲೂ ಹಾಗೇ ಇತ್ತು. ನಿಮಗೆ ತೊಂದರೆ ಬೇಡವೆಂದು ಹೇಳಿಕೆಯನ್ನು ನಾನೇ ಟೈಪು ಮಾಡಿ ಇಟ್ಟಿದ್ದೇನೆ. ಸಹಿ ಹಾಕಿದರಾಯಿತು.

ಅತ್ತೆಗೆ ನಿಮಗೆ ಬರೆದ ಸಂಗತಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಚಮಚ ಕೆಳಗಿಟ್ಟು, "ಆ ದಫೇದಾರ ಇನ್ನೂ ಇದಾನಾ? ಹಾಗಾದ್ರೆ ಅವನೇ ಹೇಳ್ಲಿ. ತೆಗೆದಿತ್ತು ಅಂದ್ರೆ ತೆಗೆದಿತ್ತು. ನಾನು ಬಾಯಿ ಮುಚ್ಕೊಂಡು ಸಾಯ್ತೀನಿ" ಎಂದರು. ಮೂವತ್ತೆಂಟು ವರ್ಷದಲ್ಲಿ ಅವರು ಒಬ್ಬರ ಮಾತಿಗೆ ಒಪ್ಪುತ್ತೇನೆ ಎಂದದ್ದು ಇದೇ ಮೊದಲು. ಆ ಒಬ್ಬರು ನೀವು.

ಮದುವೆಯ ಫೋಟೋ ತೆಗೆದು ನೋಡಿದೆ. ಆಗಿನ ಮೇಯರ್ ಕಾಬಾಸ್ ಇದ್ದಾರೆ, ಮೂವರ್ಣದ ಪಟ್ಟಿ, ಮೀಸೆ, ಒಂದು ಕೂದಲೂ ಅಲುಗದ ಕ್ರಾಪು. ರೆಮಿ, ನಾನು, ಸಾಕ್ಷಿಗಳು, ಎಲ್ಲ ಇದ್ದೇವೆ. ಊರಿನ ಪ್ರತಿ ಮದುವೆಯ ಫೋಟೋದಲ್ಲೂ ಮೂಲೆಯಲ್ಲಿ ನೀವಿರುತ್ತೀರಿ. ನಮ್ಮದರಲ್ಲಿ ಮಾತ್ರ ಇಲ್ಲ. ಎಲ್ಲಿದ್ದಿರಿ?

ಸೊಲಾಂಜ್

*

ಪ್ಲುವೆರ್ನೆಕ್, 5 ಏಪ್ರಿಲ್ 2023

ಪ್ರಿಯ ಮದಾಂ,

ಹೇಳಿಕೆಯ ಕಾಗದವನ್ನು ಸಹಿ ಇಲ್ಲದೆ ಹಿಂದಿರುಗಿಸುತ್ತಿದ್ದೇನೆ. ಬಲಗೈ ಮಣಿಕಟ್ಟು ಉಳುಕಿದೆ. ಪೆನ್ನು ಹಿಡಿಯಲೂ ಆಗದು. ಆದ್ದರಿಂದ ಈ ಕಾಗದದ ಮುಂದಿನ ಮೂರು ಪುಟಗಳಲ್ಲಿ ಮೆಟ್ಟಿಲುಗಳ ಇತಿಹಾಸ ಮಾತ್ರ ಬರೆದಿದ್ದೇನೆ.

ಅನ್ಸೆಲ್ಮ್

*

ವಾಲ್‌ಸೆಕ್, 12 ಏಪ್ರಿಲ್ 2023

ಮೊಸಿಯೇ ಅನ್ಸೆಲ್ಮ್,

ಉಳುಕಿದ ಮಣಿಕಟ್ಟಿನಿಂದ ಮೂರು ಪುಟ ಮುತ್ತು ಪೋಣಿಸಿದಂಥ ಅಕ್ಷರ! ಬ್ರಿತಾನಿಯ ಬೆಣ್ಣೆಗೆ ಅಂಥ ಗುಣವಿದ್ದರೆ ನನಗೂ ಒಂದು ಡಬ್ಬಿ ಕಳಿಸಿ.

ನನಗೆ ಅರ್ಥವಾಯಿತು. ನಿಮಗೆ ನನ್ನ ಅತ್ತೆಯ ಹೆದರಿಕೆ. ನಾಚಿಕೆಪಡಬೇಡಿ, ಮೇಯರಿಗೂ ಇದೆ. ಆದರೆ ಅವರು ಮೊದಲಿನಂತಿಲ್ಲ. ಹೋದ ವಾರ ವೈದ್ಯರು ರೆಮಿಯನ್ನು ಪಕ್ಕಕ್ಕೆ ಕರೆದು ಹೃದಯದ ವಿಷಯ ಮಾತಾಡಿದರು. ಊಟ ಅರ್ಧಕ್ಕೆ ಬಿಡುತ್ತಾರೆ. ನಾನು ಹೋದ ಕೂಡಲೇ, "ಕಾಗದ ಬಂತಾ?" ಎನ್ನುತ್ತಾರೆ. ಬೇರೆ ಏನೂ ಕೇಳುವುದಿಲ್ಲ, ನನ್ನ ಅಡುಗೆಯನ್ನೂ ಬೈಯುವುದಿಲ್ಲ. ಇದು ನನಗೆ ವೈದ್ಯರ ಮಾತಿಗಿಂತ ಹೆಚ್ಚು ಭಯ ಹುಟ್ಟಿಸಿದೆ.

ಒಂದು ಸಾಲು. ತೆರೆದಿತ್ತೋ ಇಲ್ಲವೋ.

ಸೊಲಾಂಜ್

*

ಪ್ಲುವೆರ್ನೆಕ್, 21 ಏಪ್ರಿಲ್ 2023

ಮದಾಂ ಸೊಲಾಂಜ್,

ಇಲ್ಲ.

ಒಂದು ಸಾಲು ಕೇಳಿದಿರಿ, ಅದಕ್ಕಿಂತ ಚಿಕ್ಕದನ್ನು ಕೊಟ್ಟಿದ್ದೇನೆ. ಇನ್ನು ಉಳಿದದ್ದನ್ನೂ ಹೇಳಿಬಿಡುತ್ತೇನೆ. ಮಣಿಕಟ್ಟು ಚೆನ್ನಾಗಿದೆ.

ಫೋಟೋದಲ್ಲಿ ಮೇಯರ್ ಕಾಬಾಸ್ ಅವರ ಕ್ರಾಪು ನೋಡಿ ಒಂದು ಕೂದಲೂ ಅಲುಗಿಲ್ಲ ಎಂದಿರಲ್ಲ, ಅಲುಗಬಾರದೆಂದೇ ನಡೆದ ಕತೆ ಇದು. ಅದು ಟೋಪನ್. ಲಿಯೋಂನಿಂದ ತರಿಸಿದ್ದು, ಬಂದು ಎರಡು ವಾರವಾಗಿತ್ತು. ಊರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು: ಅವರ ಹೆಂಡತಿಗೆ ಮತ್ತು ಅದನ್ನು ಕನ್ನಡಿಯ ಮುಂದೆ ಸರಿಮಾಡಿಕೊಡುತ್ತಿದ್ದ ನನಗೆ. ನಿಮ್ಮ ಮದುವೆಯ ಹಿಂದಿನ ಶನಿವಾರ ಇನ್ನೊಂದು ಮದುವೆ ಇತ್ತು. ಮೇಯರು ಕಾಯಿದೆ ಓದುತ್ತ "ದಂಪತಿಗಳು ಪರಸ್ಪರ ನಿಷ್ಠೆ" ಎನ್ನುವಷ್ಟರಲ್ಲಿ ಬಾಗಿಲಿಂದ ಮಿಸ್ತ್ರಾಲ್ ಬೀಸಿತು. ಟೋಪನ್ನು ಹಿಂದಿನಿಂದ ಎದ್ದು, ಮಡಕೆಯ ಮುಚ್ಚಳದ ಹಾಗೆ ಒಂದು ಸಲ ತೆರೆದು ಮುಚ್ಚಿಕೊಂಡಿತು. ಪುಣ್ಯಕ್ಕೆ ಆಗ ಎಲ್ಲರೂ ಮದುಮಗಳನ್ನು ನೋಡುತ್ತಿದ್ದರು.

ನಿಮ್ಮ ದಿನ ಗಾಳಿ ಅದಕ್ಕೂ ಜೋರು. ಅವರು ನನ್ನನ್ನು ಪಕ್ಕದ ಕೋಣೆಗೆ ಕರೆದು, "ಅನ್ಸೆಲ್ಮ್, ಇವತ್ತು ಬಾಗಿಲು ಹಾಕಿಬಿಡಪ್ಪ" ಎಂದರು.

"ಕಾಯಿದೆ ಪ್ರಕಾರ ತೆಗೆದಿರಬೇಕಲ್ಲ ಸಾರ್?"

"ಕಾಯಿದೆಗೆ ತಲೆಗೂದಲಿದೆಯೇನಯ್ಯಾ? ಹನ್ನೆರಡು ನಿಮಿಷದ ಕೆಲಸ. ಗಣರಾಜ್ಯದ ಮಾನ ಉಳಿಸು. ಯಾರಿಗೂ ಹೇಳಲ್ಲ ಅಂತ ಆಣೆ ಮಾಡು."

ಪಟ್ಟಿ ಮುಟ್ಟಿ ಆಣೆ ಮಾಡಿದೆ. ಚಿಲಕ ಸಡಿಲವಾಗಿತ್ತು, ಗಾಳಿಗೆ ನಿಲ್ಲುತ್ತಿರಲಿಲ್ಲ. ಆದ್ದರಿಂದ ಮದುವೆಯ ಕೋಣೆಯಾಚೆಗಿನ ಹಜಾರದಲ್ಲಿ, ಮುಂಬಾಗಿಲ ಒಳಬದಿಗೆ ನಿಂತು ಬಾಗಿಲಿಗೆ ನನ್ನ ಬೆನ್ನು ಕೊಟ್ಟೆ. ಫೋಟೋದಲ್ಲಿ ನಾನಿಲ್ಲದ್ದು ಅದಕ್ಕೆ.

ಐದು ನಿಮಿಷವಾಗಿರಬೇಕು, ಬಡಿತ ಶುರುವಾಯಿತು. ಮೊದಲು ಕೈಯಿಂದ. ಆಮೇಲೆ ಛತ್ರಿಯ ಹಿಡಿಯಿಂದ. ಆಮೇಲೆ ಬೂಟುಗಾಲಿನಿಂದ. "ಯಾರೂ ಇಲ್ವೇನ್ರೋ ಒಳಗೆ? ತೆಗೀರೋ!" ಎಂದು ಹೆಂಗಸಿನ ದನಿ. ಒಮ್ಮೆ ದೂಡಿದರು, ನನ್ನ ಪಾದ ಒಂದು ಗೇಣು ಜಾರಿತು. ಗಾಳಿಯೆಂದು ನನಗೆ ನಾನೇ ಹೇಳಿಕೊಳ್ಳಲು ನೋಡಿದೆ. ಗಾಳಿ ಛತ್ರಿ ಹಿಡಿದು ಬರುವುದಿಲ್ಲ. ಸದ್ದು ನಿಂತ ಮೇಲೆ ಕಿಟಕಿಯಿಂದ ನೋಡಿದೆ. ನೇರಳೆ ಬಣ್ಣದ ಕೋಟು, ಲಾರ್ನಾಗ್ ಬಸ್ಸಿನ ಕಡೆ ಇಳಿದು ಹೋಗುತ್ತಿತ್ತು. ಒಂದು ಸಲವೂ ತಿರುಗಲಿಲ್ಲ.

ಅವರನ್ನು ಸುಳ್ಳಿ ಎನ್ನುವುದನ್ನು ಮೊದಲ ಸಲ ಮೀನಿನಂಗಡಿಯಲ್ಲಿ ಕೇಳಿದೆ. ಬಾಯಿ ತೆರೆಯಲು ಹೋದೆ. ಆದರೆ ಅಷ್ಟರಲ್ಲಿ ಕಾಯಿದೆ ಪುಸ್ತಕ ತೆಗೆದು ನೋಡಿದ್ದೆ. ಬಹಿರಂಗವಾಗಿ ನಡೆಯದ ಮದುವೆಯನ್ನು ರದ್ದು ಮಾಡಬಹುದು ಎಂದಿತ್ತು. ನಿಮಗೆ ಆಗ ಐದು ತಿಂಗಳಾಗಿತ್ತು. ನಾನು ಒಂದು ಮಾತಾಡಿದರೆ ಹುಟ್ಟುವ ಮಗುವಿನ ಅಪ್ಪ ಅಮ್ಮ ಕಾಯಿದೆಯ ಕಣ್ಣಲ್ಲಿ ಯಾರೋ ಏನೋ ಆಗುತ್ತಿದ್ದರು. ಮದಾಂ ಒನೊರೀನ್ ಅವರ ಮಾತು ತಕ್ಕಡಿಯ ಒಂದು ತಟ್ಟೆಯಲ್ಲಿ, ನಿಮ್ಮ ಮದುವೆ ಇನ್ನೊಂದರಲ್ಲಿ. ನಾನು ಅವರ ಮಾತನ್ನು ಬಿಟ್ಟುಕೊಟ್ಟೆ. ಅದು ನನ್ನದಾಗಿರಲಿಲ್ಲ, ಬಿಟ್ಟುಕೊಡಲು. ಮೇಯರು ತೀರಿಕೊಂಡಾಗಲಾದರೂ ಹೇಳಬಹುದಿತ್ತು. ಆದರೆ ಅವರ ಹೆಸರನ್ನು ಚೌಕಕ್ಕೆ ಇಟ್ಟರು. ಚೌಕಕ್ಕೆ ಟೋಪನ್ ಎಂದು ಹೇಗೆ ಹೇಳಲಿ?

ಈಗ ನಿಮ್ಮ ಕೈಯಲ್ಲಿ ಎರಡೂ ಇವೆ. ನಿಮ್ಮ ಮದುವೆಗೆ ಏನಾಗುವುದೋ ನನಗೆ ತಿಳಿಯದು. ನಿಮ್ಮ ಅತ್ತೆ ಬಂದಿದ್ದರು. ಬಡಿದರು. ನಾನು ತೆಗೆಯಲಿಲ್ಲ. ಕೆಳಗೆ ಸಹಿ ಮಾಡಿದ್ದೇನೆ.

ಅನ್ಸೆಲ್ಮ್ ಜೊಝೆಫ್ ರುಮೆಗಾ
ನಿವೃತ್ತ ದಫೇದಾರ, ವಾಲ್‌ಸೆಕ್ ಪುರಭವನ

*

ಪ್ಲುವೆರ್ನೆಕ್, 22 ಮೇ 2023

ಮದಾಂ,

ಒಂದು ತಿಂಗಳಾಯಿತು. ಅಂಚೆಯವನು ನನ್ನನ್ನು ಕಂಡರೆ ಈಗ ಬೇರೆ ರಸ್ತೆಯಲ್ಲಿ ಹೋಗುತ್ತಾನೆ. ಕೋಪ ಬಂದಿದ್ದರೆ ಬೈದು ಬರೆಯಿರಿ. ಮದುವೆ ಮುರಿದಿದ್ದರೆ ಅದನ್ನಾದರೂ ಬರೆಯಿರಿ. ಮದಾಂ ಒನೊರೀನ್ ಇದ್ದಾರೆಯೇ ಎಂಬುದನ್ನು ಮಾತ್ರ ಮೊದಲ ಸಾಲಿನಲ್ಲಿ ಹಾಕಿ.

ಅನ್ಸೆಲ್ಮ್

*

ವಾಲ್‌ಸೆಕ್, 12 ಜೂನ್ 2023

ಪ್ರಿಯ ಅನ್ಸೆಲ್ಮ್,

ಇದ್ದಾರೆ. ನಿನ್ನೆ ನನ್ನ ಕುರಿಮಾಂಸದ ಹುಳಿಗೆ ಉಪ್ಪು ಸಾಲದು ಎಂದರು. ಆರೋಗ್ಯವಾಗಿದ್ದಾರೆ.

ತಡವಾದದ್ದಕ್ಕೆ ಕ್ಷಮಿಸಿ. ನಿಮ್ಮ ಕಾಗದವನ್ನು ಹನ್ನೊಂದು ದಿನ ಬ್ರೆಡ್ಡಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆ. ಹನ್ನೆರಡನೇ ದಿನ ರೆಮಿ ಬ್ರೆಡ್ಡಿಗೆ ಕೈ ಹಾಕಿದ. ನಿಂತಲ್ಲೇ ಓದಿದ. ಓದಿ, "ಅಂದ್ರೆ ನಾನು ಇನ್ನೂ ಬ್ರಹ್ಮಚಾರಿ?" ಎಂದ. ಅವನ ಮುಖದಲ್ಲಿ ಕಂಡ ಬೆಳಕು ನನಗೆ ಹಿಡಿಸಲಿಲ್ಲ. ಮಾರನೆಯ ದಿನ ನ್ಯಾಯಾಲಯದಲ್ಲಿ ಗುಮಾಸ್ತನಾಗಿದ್ದ ಅವನ ಗೆಳೆಯನ ಬಳಿ ಹೋದೆವು. ಅವನು ಪುಸ್ತಕ ಬಿಡಿಸಿ ಕನ್ನಡಕ ಏರಿಸಿ, "ಮುಚ್ಚುಮರೆ ಮಾಡೋ ಉದ್ದೇಶ ಇದ್ರೆ ತಾನೇ ರದ್ದು? ಟೋಪನ್ ಉಳಿಸ್ಕೊಳ್ಳೋ ಉದ್ದೇಶಕ್ಕೆ ಕಾಯಿದೆ ಇಲ್ಲ. ಅದೂ ಅಲ್ದೆ ಮೂವತ್ತು ವರ್ಷ ಆದ್ಮೇಲೆ ಯಾರೂ ಚಕಾರ ಎತ್ತೋ ಹಾಗಿಲ್ಲ" ಎಂದ. ಅಂದರೆ, ಅನ್ಸೆಲ್ಮ್, ಎಂಟು ವರ್ಷದ ಹಿಂದೆಯೇ ಕಾಯಿದೆ ನಿಮ್ಮನ್ನು ಬಿಟ್ಟುಬಿಟ್ಟಿತ್ತು. ನೀವು ಸುಮ್ಮನೆ ಬೆನ್ನು ಕೊಟ್ಟು ನಿಂತೇ ಇದ್ದಿರಿ. ರೆಮಿ ಮನೆಗೆ ಬರುವಾಗ ದಾರಿಯಲ್ಲಿ, "ಹೋಗ್ಲಿ ಬಿಡು, ಅಭ್ಯಾಸ ಆಗಿದೆ" ಎಂದು ನನ್ನ ಕೈ ಹಿಡಿದುಕೊಂಡ.

ಆದರೆ ಕಾಗದ ಡಬ್ಬಿಯಲ್ಲಿ ಇದ್ದದ್ದು ಮದುವೆಯ ಭಯಕ್ಕಲ್ಲ. ನಿಮಗೊಂದು ಹೇಳಬೇಕು. ಬಡಿತ ನನಗೂ ಕೇಳಿಸಿತ್ತು. ಛತ್ರಿಯದು, ಬೂಟಿನದು, ಎರಡೂ. ರೆಮಿ "ಏನದು?" ಎಂದ, ನಾನು "ಗಾಳಿ" ಎಂದೆ. ಮೂವತ್ತೆಂಟು ವರ್ಷ ಅದನ್ನು ಗಾಳಿಯೆಂದೇ ಇಟ್ಟುಕೊಂಡಿದ್ದೆ. ನಿಮ್ಮಿಂದ "ತೆರೆದಿತ್ತು" ಎಂಬ ಒಂದು ಸಾಲು ಬೇಕಾಗಿದ್ದುದು ಅತ್ತೆಗಿಂತ ಹೆಚ್ಚಾಗಿ ನನಗೇ.

ಕಾಗದ ತೆಗೆದುಕೊಂಡು ವೃದ್ಧಾಲಯಕ್ಕೆ ಹೋಗಿ ಎದುರು ಕೂತು ಓದಿದೆ. ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ, "ಛತ್ರಿ ಇರೋ ಜಾಗ ಇನ್ನೊಂದ್ಸಲ ಓದು" ಎಂದರು. ಓದಿದೆ. "ಛತ್ರಿ ಅಂತಾನೇ ಬರೆದಿದಾನಾ? ಬೂಟೂ ಬರೆದಿದಾನಾ?" ಎಂದರು. ಕಾಗದ ಕಿತ್ತುಕೊಂಡು, ಅಕ್ಷರ ಕಾಣದಿದ್ದರೂ ಆ ಸಾಲಿನ ಮೇಲೆ ಬೆರಳು ಇಟ್ಟುಕೊಂಡರು. ಆಗ ನಾನು, "ನನಗೂ ಕೇಳಿಸಿತ್ತು ಅತ್ತೆ" ಎಂದೆ.

"ಗೊತ್ತು."

"ಹೇಗೆ ಗೊತ್ತು?"

"ಎಲ್ಲರೂ ನನ್ನನ್ನ ಸುಳ್ಳಿ ಅಂದ್ರು. ನನ್ನ ಮಗನೂ ಅಂದ. ಅಷ್ಟು ಜಗಳ ಆಡಿದ್ರೂ ನೀನೊಬ್ಬಳು ಮಾತ್ರ ಒಂದ್ಸಲಾನೂ ಅನ್ಲಿಲ್ಲ. ಯಾಕೆ ಅಂತ ನಾನು ಯೋಚನೆ ಮಾಡಲ್ವೇನೇ?"

ನಾನು ಅಳತೊಡಗಿದೆ. ಅವರು, "ಸಾಕು, ಸೂಪು ಆರುತ್ತೆ" ಎಂದರು. ಬಟ್ಟಲು ಖಾಲಿ ಮಾಡಿದರು.

ಆ ಭಾನುವಾರ ಗಿಸ್ಲಾಂ ಬಂದಾಗ, "ಕೆಡವೋದು ಇರ್ಲಿ. ಮೊದಲು ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು. ನನಗೆ ಒಳಗೆ ಹೋಗಬೇಕು" ಎಂದು ಅಪ್ಪಣೆಯಾಯಿತು. ಹೀಗೆ ಮೊನ್ನೆ ಶನಿವಾರ, ಲಾರ್ನಾಗ್‌ನ ಮೇಯರು ತಾನೇ ಬೀಗದ ಕೈ ಹಿಡಿದು ವಾಲ್‌ಸೆಕ್ ಪುರಭವನದ ಮುಂದೆ ನಿಂತ. ಮರ ಉಬ್ಬಿ ಬಾಗಿಲು ಜಪ್ಪಯ್ಯ ಎನ್ನಲಿಲ್ಲ, ಮೂವರು ಹೆಗಲು ಕೊಟ್ಟರು. ತೆರೆದ ಮೇಲೆ ಅತ್ತೆ ಗಾಲಿಕುರ್ಚಿಯಿಂದಲೇ, "ಈಗ ಎಲ್ಲರೂ ಒಳಗೆ ಹೋಗಿ. ಬಾಗಿಲು ಹಾಕಿ" ಎಂದರು.

"ಈಗ ತಾನೇ ತೆಗೆದ್ವಲ್ಲ ಅತ್ತೆ!" ಎಂದ ಗಿಸ್ಲಾಂ.

"ಹಾಕು ಅಂದೆ."

ಹಾಕಿದೆವು. ಒಳಗೆ ಕತ್ತಲು, ಪಾರಿವಾಳದ ವಾಸನೆ, ಬೆಳ್ಳಗೆ ಒಂದು ಮೂಗು. ಮೂರು ಬಡಿತ ಕೇಳಿಸಿತು. ಛತ್ರಿ ತಂದಿದ್ದರು, ಅನ್ಸೆಲ್ಮ್. ಜೂನ್ ತಿಂಗಳಲ್ಲಿ. ಗಂಡಸರು ಮುಖ ಮುಖ ನೋಡಿಕೊಂಡರು. ನಾನು ಹೋಗಿ ಬಾಗಿಲು ತೆಗೆದೆ.

ಕುರ್ಚಿ ತಳ್ಳಿಕೊಂಡು ಮದುವೆಯ ಕೋಣೆಗೆ ಕರೆದೊಯ್ದೆ. ಸುತ್ತ ನೋಡಿ, "ಇಷ್ಟಕ್ಕೇನಾ? ನಮ್ಮ ಲಾರ್ನಾಗ್‌ದು ಇದರ ಎರಡರಷ್ಟಿದೆ" ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಸಾಕ್ಷಾತ್ ಮೇಯರ ಮುಂದೆ, "ಈ ಮದುವೆಗೆ ನನ್ನದೊಂದು ಆಕ್ಷೇಪಣೆ ಇದೆ. ನಮ್ಮೂರಿಗೆ ಬೆನ್ನು ತೋರಿಸಿ ಕಟ್ಟಿದ ಮನೇಲಿ ನನ್ನ ಮಗ ತಲೆ ತಗ್ಗಿಸಕೂಡದು. ಅದನ್ನ ಹೇಳೋಕೇ ಬಂದಿದ್ದೆ" ಎಂದರು.

"ಅಮ್ಮಾ, ನನಗೆ ಅರವತ್ತೆಂಟು" ಎಂದ ರೆಮಿ.

"ನೀನು ಸುಮ್ಮನಿರು. ಬರ್ಕೊಳೋ ಗಿಸ್ಲಾಂ."

ಅವನು ಜೇಬಿನಿಂದ ಪುಸ್ತಕ ತೆಗೆದು ನಿಜವಾಗಿ ಬರೆದುಕೊಂಡ: ಆಕ್ಷೇಪಣೆ ಸ್ವೀಕರಿಸಲಾಗಿದೆ, ಅವಧಿ ಮೀರಿದ್ದರಿಂದ ತಳ್ಳಿಹಾಕಲಾಗಿದೆ. ಗಟ್ಟಿಯಾಗಿ ಓದಿಯೂ ಹೇಳಿದ. ಅತ್ತೆ ದೀರ್ಘವಾಗಿ ಉಸಿರು ಬಿಟ್ಟು ಕುರ್ಚಿಗೆ ಒರಗಿದರು. "ಸರಿ, ಹೇಳಾಯ್ತು" ಎಂದರು. ನನ್ನ ಕಡೆ ತಿರುಗಿ, "ಆವತ್ತು ತೆಗೆದಿದ್ರೆ ನಿನ್ನ ಮದುವೆ ನಿಂತೇ ಹೋಗ್ತಿತ್ತು, ತಿಳ್ಕೊ. ಆಮೇಲೆ ನಾನು ಇಷ್ಟು ವರ್ಷ ಯಾರ ಜೊತೆ ಜಗಳ ಆಡ್ಬೇಕಿತ್ತು? ನಾನು ಇವನಿಗೆ ನೋಡಿಟ್ಟಿದ್ದ ಆ ಸಪ್ಪೆಮೂತಿ ಲಾರ್ನಾಗ್ ಹುಡುಗಿ ಜೊತೆಗಾ?" ಎಂದರು.

ಕಾರು ನಿಲ್ಲಿಸುವ ಜಾಗದ ವಿಷಯ ಹದಿನಾರರ ಸಭೆಯ ಪಟ್ಟಿಯಿಂದ ಹೊರಬಿದ್ದಿದೆ. ಕಟ್ಟಡಕ್ಕೆ ಮುಂದೇನು ಎಂದು ಯಾರಿಗೂ ಗೊತ್ತಿಲ್ಲ, ಆದರೆ ಇನ್ನು ಕೆಡವುವುದಿಲ್ಲ. ಚರಿತ್ರೆಯಲ್ಲಿ ನಿಮ್ಮ ಕಾಗದವನ್ನು ಇದ್ದ ಹಾಗೇ ಅಚ್ಚು ಹಾಕಲು ಅತ್ತೆಯ ಒಪ್ಪಿಗೆ ಸಿಕ್ಕಿದೆ. ಚೌಕದ ಹೆಸರು ಹಾಗೇ ಇರಲಿ ಎಂದು ಸಂಘ ತೀರ್ಮಾನಿಸಿದೆ. ಮಿಸ್ತ್ರಾಲ್ ಅಲ್ಲೂ ಬೀಸುತ್ತದೆ, ಅಷ್ಟು ಶಿಕ್ಷೆ ಸಾಕು.

ಹೊರಡುವಾಗ ಅತ್ತೆ ಬಾಗಿಲ ರೆಕ್ಕೆಯನ್ನು ಒಮ್ಮೆ ಕೈಯಿಂದ ದೂಡಿ ನೋಡಿ, "ಗಟ್ಟಿ ಆಳು. ನಾನೂ ಚೆನ್ನಾಗೇ ದೂಡಿದ್ದೆ" ಎಂದರು. ನಿಮ್ಮ ವಿಳಾಸ ಕೇಳಿದರು. ಬರೆಯಲು ಕೈ ನಡುಗುತ್ತದೆ, ಆದ್ದರಿಂದ ನನ್ನ ಮೂಲಕ ಹೇಳಿಕಳಿಸಿದ್ದಾರೆ: ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಬೈಯಬೇಕಂತೆ. ಊಟ ಹಾಕಿ, ಆಲಿವ್ ಎಣ್ಣೆಯ ಊಟ, ಆಮೇಲೆ ಬೈಯುತ್ತಾರಂತೆ. ಅವರಿಗೆ ತೊಂಬತ್ತಮೂರು, ನಿಮಗೆ ಎಂಬತ್ತನಾಲ್ಕು. ರೈಲು ಚೀಟಿ ತೆಗೆಸಿ.

ನಿಮ್ಮ,
ಸೊಲಾಂಜ್